ನಾಡ ಮರಗಳ ಸಸಿ ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಮುಂಗಾರು ಹತ್ತಿರವಾದಂತೆ ಕನಕಪುರ, ಆನೇಕಲ್ ಕಡೆಯ ರೈತರು ಬದುಗಳ ಮೇಲೆ ನೆಡಲು ಹೊಂಗೆ, ನೇರಳೆ, ಬೇವು, ಹಿಪ್ಪೆಯಂತಹ ಸಸಿಗಳನ್ನು ಹುಡುಕಿಕೊಂಡು ಬೆಂಗಳೂರಿನ ದಕ್ಷಿಣ ಭಾಗಕ್ಕೆ ಬರುವುದುಂಟು. ಜಯನಗರ ಮತ್ತು ಲಾಲ್‌ಬಾಗ್‌ಗಳ ಮಗ್ಗುಲಲ್ಲಿರುವ ಸಿದ್ದಾಪುರದಲ್ಲಿ ಹಲವಾರು ನರ್ಸರಿಗಳಿವೆ. ಬಿತ್ತನೆ ಬೀಜ ಕೆಟ್ಟದ್ದಾದರೆ ಒಂದು ಬೆಳೆ ಹೋಗುತ್ತದೆ. ಮರದ ಸಸಿ ಕೆಟ್ಟದ್ದಾದರೆ ಎಂಟು ಹತ್ತು ವರ್ಷಗಳೇ ಹೋಗುತ್ತವೆ.

ಈ ಲೇಖಕನೂ ಇಂತಹ ನಷ್ಟ ಅನುಭವಿಸಿದವನೇ. ಜೆ.ಪಿ. ನಗರದ ಮನೆಯ ಮುಂದೆ ನೆಡಲು ಒಂದು ನರ್ಸರಿಯಿಂದ ಆಳೆತ್ತರದ ಹೊಂಗೆ ಸಸಿಯನ್ನು ತಂದದ್ದಾಯಿತು. ಮರ ಸೊಗಸಾಗಿಯೇ ಬೆಳೆಯಿತು. ಏಳನೆಯ ವರ್ಷ ಮೇ ತಿಂಗಳ ಗಾಳಿಮಳೆಗೆ ಬುಡಸಮೇತ ಉರುಳಿತು. ಬೇರುಗಳು ಚೀಲದ ಆಕಾರದಲ್ಲಿಯೇ ಸಿಂಬೆಯಂತೆ ಸುತ್ತಿಕೊಂಡಿದ್ದವು. ಕೊಳ್ಳುವಾಗ ಎತ್ತರ ನೋಡಿ, ಬುಡ ನೋಡದಿದ್ದುದೇ ತಪ್ಪು.

ಹೆಸರನ್ನು ಖಚಿತಪಡಿಸಿಕೊಳ್ಳಿ

ಹಳೆಯ ಮರಗಳೆಲ್ಲ ನಾಡ ಮರಗಳಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್‌ಗೆ ಹೊರದೇಶಗಳ ಅನೇಕ ಗಿಡಗಳು ಬಂದು ನೆಲೆಸಿದವು. ಊರ ರಸ್ತೆಗಳಲ್ಲಿ ಕಾಣುವ ಗುಲ್‌ಮೊಹರ್ ಮಡಗಾಸ್ಕರಿನದು. ಮಳೆಮರ, ಜಕರಾಂಡಗಳು ಅಮೆರಿಕ ಖಂಡದವು. ಅಶೋಕವೆಂದು ಮಾರುವ ಸಸಿ ಬಹುಮಟ್ಟಿಗೆ ಕಂಬದ ಅಶೋಕವಾಗಿರುತ್ತದೆ. ಅದರದು ಅಂಚು ಅಲೆಅಲೆಯಾದ ಬಿಡಿ ಎಲೆ. ಸೀತಾ ಅಶೋಕದ ಎಲೆಯಲ್ಲಾದರೋ ಒಂದೇ ಕಡ್ಡಿಯ ಮೇಲೆ ಜೋಡಿ ಜೋಡಿಯಾಗಿ ಕಿರುಎಲೆಗಳಿರುತ್ತವೆ. ಅನುಮಾನವಿದ್ದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನು ಕೇಳಿ ಬರೆಸಿಕೊಳ್ಳುವುದು ಉತ್ತಮ.

ನೇರಳೆಯನ್ನು ಹಣ್ಣಿಗಾಗಿ ಬೆಳೆಸುವವರು ಸಸಿ ಬೀಜದ್ದೋ ಕಸಿಯದ್ದೋ ಎಂದು ವಿಚಾರಿಸಬೇಕು. ಬೀಜದ ಗಿಡ ಫಲಕ್ಕೆ ಬರಲು 8ರಿಂದ 10 ವರ್ಷ, ಕಸಿ ಗಿಡಕ್ಕೆ 6ರಿಂದ 7 ವರ್ಷ ಬೇಕು.

ಬೇರನ್ನು ಪರೀಕ್ಷಿಸಿ

1. ಸಣ್ಣ ಚೀಲದಲ್ಲಿರುವ ಎತ್ತರದ ಸಸಿ ಬೇಡ. ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದ, ಆಸರೆಯ ಕಡ್ಡಿಯಿಲ್ಲದೆ ನಿಲ್ಲುವ, ಕಾಂಡ ಗಟ್ಟಿಯಿರುವ ಸಸಿ ಸಾಕು.

2. ಚೀಲದ ತಳದಿಂದ ಬೇರು ಹೊರಟು ನೆಲಕ್ಕೆ ಇಳಿದಿದ್ದರೆ ಅಂತಹ ಸಸಿಯನ್ನು ಬಿಡಿ. ಎತ್ತುವಾಗಲೇ ತಾಯಿಬೇರು ತುಂಡಾಗುತ್ತದೆ.

3. ಕಾಂಡವನ್ನು ಮೆಲ್ಲಗೆ ಅಲ್ಲಾಡಿಸಿದಾಗ ಸಸಿ ಮಣ್ಣಿನಲ್ಲಿ ಸಡಿಲವಾಗಿದ್ದರೆ ಅದನ್ನು ಇತ್ತೀಚೆಗೆ ಚೀಲ ಬದಲಾಯಿಸಿದ್ದೆಂದು ತಿಳಿಯಬಹುದು.

4. ಹತ್ತಾರು ಸಸಿ ಕೊಳ್ಳುವವರು ಒಂದರ ಬೆಲೆ ಕೊಟ್ಟು ಅದರ ಚೀಲವನ್ನು ಸೀಳಿ ನೋಡುವುದು ಲೇಸು. ಬೇರು ಸಿಂಬೆ ಸುತ್ತಿದ್ದರೆ ಆ ಸಾಲನ್ನೇ ಬಿಡಬೇಕು.

ಚೀಲದ ಮಣ್ಣನ್ನೂ ನೋಡಿ

ಸಸಿಯೊಡನೆ ಕಳೆಯೂ ಹೊಲಕ್ಕೆ ಬರುತ್ತದೆ. ಜೇಕಿನ ಗಡ್ಡೆ, ಪಾರ್ಥೇನಿಯಂ ಇರುವ ಚೀಲಗಳನ್ನು ತರಬಾರದು. ಎಲೆಯ ತಳಭಾಗದಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಎಲ್ಲಿ ಕೊಳ್ಳಬೇಕು?

ಒಂದೆರಡು ಸಸಿಗೆ ನಗರದ ನರ್ಸರಿಗಳು ಅನುಕೂಲ. ಬದುವಿಗಾಗಿ ನೂರಾರು ಸಸಿ ಬೇಕಾದವರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳನ್ನು ಮೊದಲು ವಿಚಾರಿಸುವುದು ಲಾಭದಾಯಕ. ಅಲ್ಲಿ ಸಸಿಗಳು ರಿಯಾಯಿತಿ ದರದಲ್ಲಿ ಸಿಗುತ್ತವೆ. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಪ್ರೋತ್ಸಾಹಧನ ಲಭಿಸುವುದು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ. ಆದುದರಿಂದ ಬೇರು ನೋಡಿ ಆರಿಸುವುದು ಇಲ್ಲಿಯೂ ಮುಖ್ಯ. ನೋಂದಣಿಯ ವಿವರಗಳನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು.

ನಾಟಿ

ನೆರಳುಬಲೆಯಡಿ ಬೆಳೆದ ಸಸಿಗಳನ್ನು 10ರಿಂದ 15 ದಿನ ಕ್ರಮೇಣ ಬಿಸಿಲಿಗೆ ಒಗ್ಗಿಸಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಮೇಲ್ಮಣ್ಣು ಹಾಗೂ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಜೂನ್‌ನಲ್ಲಿ ಮಳೆ ಹಿಡಿದ ನಂತರ ಚೀಲವನ್ನು ಪೂರ್ತಿ ತೆಗೆದು, ಸುತ್ತಿಕೊಂಡ ಸಣ್ಣ ಬೇರುಗಳಿದ್ದರೆ ಕತ್ತರಿಸಿ ನೆಡಿ. ಮೊದಲ ಎರಡು ಬೇಸಿಗೆ ನೀರುಣಿಸಿ, ಬುಡಕ್ಕೆ ತರಗೆಲೆ ಹೊದಿಸಿ, ದನಕರುಗಳಿಂದ ಕಾಪಾಡಿ.

ಬದುವಿನ ಹೊಂಗೆ ಮುಂದೆ ಹಸಿರೆಲೆ ಗೊಬ್ಬರ ಕೊಡುತ್ತದೆ. ಅದರ ಹಿಂಡಿಯಲ್ಲಿ ಸುಮಾರು ಶೇ. 4ರಷ್ಟು ಸಾರಜನಕವಿದೆ. ಈ ಆದಾಯ ಮಕ್ಕಳ ಕಾಲಕ್ಕೂ ದೊರೆಯಬೇಕಾದರೆ ಕೊಳ್ಳುವ ದಿನ ಐದು ನಿಮಿಷ ಬಗ್ಗಿ ಸಸಿಯ ಬುಡವನ್ನು ನೋಡಬೇಕು.