ಅಜ್ಜಿಗೊಂದು ಪ್ಲೇಲಿಸ್ಟ್ ಮಾಡೋದು ಹೇಗೆ?

ನಮ್ಮೂರು ಮಾಗಳ, ಹೂವಿನಹಡಗಲಿ ತಾಲ್ಲೂಕು, ತುಂಗಭದ್ರಾ ದಂಡೆ. ನಮ್ಮ ಅಜ್ಜಿಗೆ ಡಿಮೆನ್ಷಿಯಾ. ಊರಲ್ಲಿ 'ಅರಳುಮರಳು' ಅಂದು ಸುಮ್ಮನಾಗ್ತಾರೆ, ಆದ್ರೆ ಇದು ಮಿದುಳಿನ ಕಾಯಿಲೆ. ಅಜ್ಜಿ ಈಗ ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿದ್ದಾಳೆ. ಸಂಜೆಯಾದ್ರೆ ಸಾಕು, "ಮನಿಗೆ ಹೋಗ್ತೀನಿ" ಅಂತ ಬಾಗಿಲು ಬಡೀತಾಳೆ. ನಾವು ಹಳೇ ರಾಜ್‌ಕುಮಾರ್ ಹಾಡುಗಳನ್ನ ಹಾಕಿಕೊಟ್ವಿ. ತಿರುಗಿ ಸಹ ನೋಡ್ಲಿಲ್ಲ.

ತಪ್ಪು ನಮ್ಮದೇ. ಹಳೇ ಹಾಡು ಬೇರೆ, ಅವಳ ಹಾಡು ಬೇರೆ.

ಸುಮಾರು 10ರಿಂದ 30 ವಯಸ್ಸಿನ ನಡುವೆ ಕೇಳಿದ್ದು ಗಟ್ಟಿಯಾಗಿ ಉಳಿಯುತ್ತೆ. 1943ರಲ್ಲಿ ಹುಟ್ಟಿದವರಿಗೆ ಅದು 1953–1973. ಹಳೆಯ ಹಾಡುಗಳ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಅಲ್ಝೈಮರ್ಸ್‌ನಲ್ಲಿ ಕಡಿಮೆ ಸವೆಯುತ್ತೆ ಅಂತ 2015ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ್ರು. ಆದ್ರೆ ನಮ್ಮ ಫಾರ್ಮುಲಾ ವರ್ಷ ಹೇಳುತ್ತೆ, ಹಾಡು ಹೇಳಲ್ಲ. ಆ ವಯಸ್ಸಲ್ಲಿ ಅಜ್ಜಿ ಸಿನಿಮಾ ನೋಡಿದ್ದೇ ಅಪರೂಪವಂತೆ! ಅವಳು ಕೇಳಿದ್ದು ಸೋಬಾನೆ, ಭಜನೆ, ಬೀಸೋ ಪದ, ಮೈಲಾರ ಜಾತ್ರೆಯ ಗೊರವರ ಡಮರುಗ. ಅವಳು ಕಲಿತ ಪದಗಳು ಯೂಟ್ಯೂಬಲ್ಲಿ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ.

ಊರಲ್ಲಿರೋ ಅಜ್ಜಿಯ ತಂಗಿಗೆ ಫೋನ್ ಮಾಡಿ, ಅವರು ಹಾಡಿದ ಒಂದು ಬೀಸೋ ಪದ ರೆಕಾರ್ಡ್ ಮಾಡ್ಕೊಂಡ್ವಿ. ಅದನ್ನ ಕೇಳಿಸಿದಾಗ ಅಜ್ಜಿ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಿಗೆ ಬಲಗೈ ಮಾತ್ರ ತೊಡೆ ಮೇಲೆ ನಿಧಾನವಾಗಿ ಸುತ್ತೋಕೆ ಶುರುವಾಯ್ತು, ಬೀಸುಕಲ್ಲು ತಿರುಗಿಸಿದ ಹಾಗೆ. ನಮ್ಮ ಹೆಸರು ಅವತ್ತೂ ನೆನಪಾಗ್ಲಿಲ್ಲ.

ನೀವೂ ಮಾಡೋದಾದ್ರೆ ಹಾಡುಗಳನ್ನ ಡೌನ್‌ಲೋಡ್ ಮಾಡಿ ಕೊಡಿ. ಮಧ್ಯೆ ಜಾಹೀರಾತು ಬಂದ್ರೆ ಗಾಬರಿಯಾಗ್ತಾರೆ. ಹೆಡ್‌ಫೋನ್ ಬೇಡ ಅಂದ್ರೆ ಚಿಕ್ಕ ಸ್ಪೀಕರ್ ಸಾಕು. ಹೊತ್ತು ಮುಖ್ಯ: ಚಡಪಡಿಕೆ ಶುರುವಾದ ಮೇಲಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ ಹಾಕಬೇಕು ಅನ್ನೋದು ನರ್ಸಿಂಗ್ ಸಂಶೋಧಕಿ ಲಿಂಡಾ ಗರ್ಡ್ನರ್ ಅವರ ಕ್ರಮ. ನೋಡಿಕೊಳ್ಳೋರಿಗೆ ಕನ್ನಡ ಬರದೇ ಇರಬಹುದು, ಫೈಲ್‌ಗಳಿಗೆ 1, 2, 3 ಅಂತ ನಂಬರ್ ಕೊಡಿ. ಯಾವ ಹಾಡಿಗಾದ್ರೂ ಮುಖ ಸಪ್ಪಗಾದ್ರೆ ತಕ್ಷಣ ತೆಗೀರಿ. ಸತ್ತವರನ್ನ ನೆನಪಿಸೋ ಹಾಡೂ ಇರುತ್ತೆ ಅಲ್ವಾ?

ಇದು ಔಷಧಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಅಮೆರಿಕದ 54 ನರ್ಸಿಂಗ್ ಹೋಮ್‌ಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಚಡಪಡಿಕೆಯಾಗಲಿ ಮಾತ್ರೆಯಾಗಲಿ ಗಮನಾರ್ಹವಾಗಿ ಕಡಿಮೆಯಾಗ್ಲಿಲ್ಲ. ನಮ್ಮಜ್ಜಿಯೂ ಕೆಲವು ಸಂಜೆ ಈಗಲೂ ಬಾಗಿಲು ಬಡೀತಾಳೆ. ಕೆಲವು ಸಂಜೆ ಬಡಿಯಲ್ಲ.

ಅಜ್ಜಿಯ ತಂಗಿಗೂ ಎಪ್ಪತ್ತಾರಾಯ್ತು. ಇನ್ನೂ ಹತ್ತು ಹದಿನೈದು ಪದ ಬರುತ್ತೆ ಅಂದಿದ್ದಾರೆ. ಇಂಟರ್ನಲ್ಸ್ ಮುಗಿದ ಕೂಡಲೇ ಊರಿಗೆ ಹೊರಟಿದ್ದೀವಿ. ಹಾಸ್ಟೆಲ್‌ನಲ್ಲಿ ಯಾರ ಹತ್ರ ಆದ್ರೂ ಒಳ್ಳೇ ಮೈಕ್ ಇದ್ರೆ ಎರಡು ದಿನಕ್ಕೆ ಕೊಡ್ತೀರಾ?