ಜಾಮೀನು ಕೊಟ್ಟ ಮೇಲಿನ ಆಟ

ಕೋರ್ಟಿನ ಕಥೆಯಿರುವ ವಿಡಿಯೋ ಗೇಮ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಜಪಾನಿನ ಕ್ಯಾಪ್‌ಕಾಮ್ ಕಂಪನಿ 2001ರಲ್ಲಿ ತಂದ 'ಏಸ್ ಅಟಾರ್ನಿ'. ಅಲ್ಲಿ ಆಡುವವರು ವಕೀಲರು. ಸಾಕ್ಷಿಯ ಮಾತಿನಲ್ಲಿ ಸುಳ್ಳು ಸಿಕ್ಕಿತೋ, ಬೆರಳು ಚಾಚಿ ಆಕ್ಷೇಪಣೆ ಕೂಗಬೇಕು. ನಮಗೆ ಮಾಡಬೇಕೆನಿಸಿದ್ದು ಬೇರೆ. ಆಡುವವರನ್ನು ಒಂದು ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನ ಮ್ಯಾಜಿಸ್ಟ್ರೇಟ್ ಕುರ್ಚಿಯಲ್ಲಿ ಕೂರಿಸಿ, ಕಡತದ ಮೇಲೆ ಕಡತ ಮುಂದಿಟ್ಟು, ಒಂದೇ ಪ್ರಶ್ನೆ ಕೇಳಬೇಕು: ಈ ಆರೋಪಿಗೆ ಜಾಮೀನು ಕೊಡುತ್ತೀರಾ?

ಇದಕ್ಕೆ ಅವಕಾಶ ಸಿಕ್ಕಿದ್ದು ಒಂದು ಗೇಮ್ ಜಾಮ್‌ನಲ್ಲಿ. ಗೇಮ್ ಜಾಮ್ ಎಂದರೆ ಗಡುವು ಇಟ್ಟುಕೊಂಡು ಆಟ ಕಟ್ಟುವ ಕೂಟ. ವಿಷಯವನ್ನು ಶುರುವಿನಲ್ಲಷ್ಟೇ ಹೇಳುತ್ತಾರೆ. 2002ರಲ್ಲಿ ಆರಂಭವಾದ ಲುಡಮ್ ಡೇರ್, 2009ರಿಂದ ನಡೆಯುತ್ತಿರುವ ಗ್ಲೋಬಲ್ ಗೇಮ್ ಜಾಮ್ ಇದರಲ್ಲಿ ಹೆಸರುವಾಸಿ; 48 ಗಂಟೆ ಸಾಮಾನ್ಯವಾದ ಗಡುವು. ನಾವು ಸೇರಿದ್ದು ಅಂಥದೇ ಒಂದು ಚಿಕ್ಕ ಜಾಮ್. ಗೆಳತಿಯೊಬ್ಬಳು ಚಿತ್ರ ಬರೆದಳು, ಇನ್ನೊಬ್ಬ ಗೆಳೆಯ ಧ್ವನಿ ನೋಡಿಕೊಂಡ, ಕೋಡು ಮತ್ತು ಬರವಣಿಗೆ ನನ್ನ ಪಾಲಿಗೆ ಬಂತು. ಕೊಟ್ಟ ವಿಷಯ 'ಒಂದೇ ಕೋಣೆ'.

ಕೊಲೆ ಮೊಕದ್ದಮೆ, ಅಂತಿಮ ತೀರ್ಪು ಇವನ್ನೆಲ್ಲ ಬಿಟ್ಟು ಜಾಮೀನನ್ನೇ ಹಿಡಿದದ್ದಕ್ಕೆ ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಜನ ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಸಾಬೀತಾಗಿಲ್ಲ, ತೀರ್ಪು ಬಂದಿಲ್ಲ, ಬಾಗಿಲು ಮಾತ್ರ ಮುಚ್ಚಿದೆ. ಸಿನಿಮಾದ ಕೋರ್ಟಿನಲ್ಲಿ ಇವರು ಕಾಣುವುದೇ ಇಲ್ಲ. ಇವರ ಬದುಕು ತಿರುಗುವುದು ಬೆಳಗಿನ ಕಲಾಪದಲ್ಲಿ, ಒಂದೆರಡು ನಿಮಿಷದೊಳಗೆ ಮುಗಿದುಹೋಗುವ ಆದೇಶದಲ್ಲಿ. ನಿರ್ಧಾರವೇ ಆಟವಾಗಬೇಕಾದರೆ ಇದಕ್ಕಿಂತ ಸರಿಯಾದ ಜಾಗ ನನಗೆ ಗೊತ್ತಿಲ್ಲ.

ಮೊದಲ ರೂಪದಲ್ಲಿ ಎರಡೇ ಗುಂಡಿಗಳಿದ್ದವು: ಮಂಜೂರು, ವಜಾ. 2016ರ 'ರೇನ್ಸ್' ಎಂಬ ಆಟದಲ್ಲಿ ರಾಜ ಚೀಟಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತಾನಲ್ಲ, ಆ ಮಾದರಿ. ಚುರುಕಾಗಿ ಓಡುತ್ತಿತ್ತು. ಅದನ್ನು ಹಾಸನದ ಕಡೆಯ ತಾಲ್ಲೂಕು ಕೋರ್ಟೊಂದರಲ್ಲಿ ವಕೀಲಿ ಮಾಡುವ ನನ್ನ ದೊಡ್ಡಪ್ಪನ ಮಗಳಿಗೆ ಕಳಿಸಿದೆ. ಅಕ್ಕ ಆಡಿ ನೋಡಿ ಫೋನ್ ಮಾಡಿದಳು.

"ಎಲ್ಲ ಸರಿ ಕಣೋ. ಆದ್ರೆ ನಿನ್ನ ಆಟದಲ್ಲಿ ಜಾಮೀನು ಮಂಜೂರಾದ ತಕ್ಷಣ ಮುಂದಿನ ಕೇಸು ಬರುತ್ತೆ. ಶ್ಯೂರಿಟಿ ಯಾರು ತಂದ್ರು? ನಮ್ಮಲ್ಲಿ ಕಾಫಿ ತೋಟಕ್ಕೆ ಹೊರರಾಜ್ಯದಿಂದ ಬಂದ ಕೂಲಿಯವನಿಗೆ ಆರ್ಡರ್ ಆಗುತ್ತೆ, ಪಹಣಿ ಹಿಡ್ಕೊಂಡು ಬಂದು ನಿಲ್ಲೋರು ಯಾರೂ ಇರಲ್ಲ. ಆರ್ಡರ್ ಕೈಲಿರುತ್ತೆ, ಅವನು ಒಳಗೇ ಇರ್ತಾನೆ."

ಆಟ ಹುಟ್ಟಿದ್ದು ಈ ಮಾತಿನಿಂದ. ಜಾಮೀನಿನ ಆದೇಶದಲ್ಲಿ ಹೂಂ, ಊಹೂಂ ಎನ್ನುವುದು ಅರ್ಧ ಮಾತ್ರ. ಉಳಿದರ್ಧ ಷರತ್ತಿನಲ್ಲಿದೆ: ಎಷ್ಟು ರೂಪಾಯಿಯ ಬಾಂಡು, ಎಷ್ಟು ಜನ ಜಾಮೀನುದಾರರು, ಅವರು ಸ್ಥಳೀಯರೇ ಆಗಬೇಕೆ. ಜಮೀನಿದ್ದವರಿಗೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಬರಿಗೈಯವರಿಗೆ ಗೋಡೆಯಾಗುತ್ತದೆ. 1978ರ ಮೋತಿರಾಮ್ ಪ್ರಕರಣ ಓದಿದಾಗ ಇದು ಎಷ್ಟು ಹಳೆಯ ನೋವು ಎಂದು ತಿಳಿಯಿತು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿತು. ಅವನ ಅಣ್ಣತಮ್ಮಂದಿರಲ್ಲೊಬ್ಬ ನಿಲ್ಲಲು ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಆದೇಶವನ್ನು ಕಟುವಾಗಿ ಟೀಕಿಸಿ, ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಲು ಹೇಳಿದರು.

ಎರಡು ಗುಂಡಿಗಳ ಜಾಗದಲ್ಲಿ ಆದೇಶದ ನಮೂನೆಯೊಂದನ್ನು ಇಟ್ಟೆವು. ಆಡುವವರೇ ಮೊತ್ತ ತುಂಬಬೇಕು, ಜಾಮೀನುದಾರರ ಸಂಖ್ಯೆ ತುಂಬಬೇಕು, ಬೇಕೆನಿಸಿದರೆ ಶ್ಯೂರಿಟಿಯ ಕಾಲಂ ಹೊಡೆದುಹಾಕಿ ಸ್ವಂತ ಮುಚ್ಚಳಿಕೆ ಸಾಕೆಂದು ಬರೆಯಬೇಕು. ಆಟದ ಒಂದು ಸುತ್ತು ಒಂದು ವಾರ. ಹೀಗೆ ವಾರ ಹಿಡಿದದ್ದೂ ಕಾನೂನಿನಿಂದಲೇ. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಒಂದು ತಿಂಗಳಾದರೂ ಬಾಂಡು ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸಬಹುದೇ ಎಂದು ನೋಡಬಹುದು. ನಮ್ಮ ಆಟದಲ್ಲಿ ಅಧೀಕ್ಷಕರ ಆ ಸೂಚನೆ ಮೇಜಿನ ಬಲತುದಿಯ ಒಂದು ಪತ್ರವಾಯಿತು. ಎರಡನೇ ವಾರ ಅದು ಅಲ್ಲಿರುತ್ತದೆ, ಮಿನುಗುವುದಿಲ್ಲ, ಸದ್ದು ಮಾಡುವುದಿಲ್ಲ. ತೆರೆದು ಓದಿದರೆ ಕಳೆದ ವಾರ ನೀವೇ ಜಾಮೀನು ಕೊಟ್ಟವರಲ್ಲಿ ಯಾರು ಇನ್ನೂ ಒಳಗಿದ್ದಾರೆಂಬ ಪಟ್ಟಿ. ಓದಲೇಬೇಕೆಂದಿಲ್ಲ. ಆ ದಿನದ ಕಡತಗಳು ಕಾಯುತ್ತಿವೆ.

ಆಡಿದವರನ್ನು ಪಕ್ಕದಲ್ಲಿ ಕುಳಿತು ಗಮನಿಸಿದಾಗ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ಅನುಮಾನ ಬಂದಾಗ ಯಾರೂ ಅರ್ಜಿಯನ್ನು ವಜಾ ಮಾಡುವುದಿಲ್ಲ, ಧಾರಾಳವಾಗಿ ಬಿಡುವುದೂ ಇಲ್ಲ. ಜಾಮೀನು ಕೊಟ್ಟು ಮೊತ್ತ ಏರಿಸುತ್ತಾರೆ. ಐವತ್ತು ಸಾವಿರ, ಇಬ್ಬರು ಸ್ಥಳೀಯ ಜಾಮೀನುದಾರರು. ಹಾಗೆ ಬರೆದವರ ಮುಖದಲ್ಲಿ ನೆಮ್ಮದಿ ಇರುತ್ತಿತ್ತು. ನ್ಯಾಯವೂ ಆಯಿತು, ಎಚ್ಚರಿಕೆಯೂ ಆಯಿತು ಎಂಬ ನೆಮ್ಮದಿ. ಆ ಪತ್ರ ತೆರೆದವರಿಗೆ ಮಾತ್ರ, ಐವತ್ತು ಸಾವಿರ ಎಂದು ಬರೆದದ್ದೂ ವಜಾ ಎಂದು ಬರೆದದ್ದೂ ಆ ಮನುಷ್ಯನ ಪಾಲಿಗೆ ಒಂದೇ ಆಯಿತೆಂದು ಹೊಳೆಯುತ್ತಿತ್ತು. ನಿರ್ಧಾರದ ಆಟ ಬರೆಯುವವರು ಒಳ್ಳೆಯದು, ಕೆಟ್ಟದ್ದು ಎಂಬ ಎರಡು ತುದಿಗಳ ಮೇಲೆ ಬಹಳ ಶ್ರಮ ಹಾಕುತ್ತೇವೆ. ಜನ ನಿಲ್ಲುವುದು ನಡುವೆ. ನಡುವಿನ ಆಯ್ಕೆಗೆ ಏನು ಬೆಲೆ ಎಂಬುದನ್ನು ಮೊದಲು ಬರೆಯಬೇಕೆಂದು ಈ ಆಟ ನನಗೆ ಕಲಿಸಿತು.

ಬಿಟ್ಟವರೆಲ್ಲ ಒಳ್ಳೆಯವರೇ ಆದರೆ ಅದು ಆಟವಾಗದೆ ಉಪದೇಶವಾಗುತ್ತದೆ. ಹಾಗಾಗಿ ನಮ್ಮ ಆರೋಪಿಗಳಲ್ಲಿ ತಲೆಮರೆಸಿಕೊಳ್ಳುವವರಿದ್ದಾರೆ, ದೂರು ಕೊಟ್ಟವರ ಮನೆ ಮುಂದೆ ಹೋಗಿ ಗದರಿಸುವವನೊಬ್ಬನಿದ್ದಾನೆ. ಇದರ ಸುಳಿವು ಕಡತದಲ್ಲಿ ಎಷ್ಟಿರಬೇಕು? ತಂಡದಲ್ಲಿ ದೊಡ್ಡ ಚರ್ಚೆಯಾದದ್ದು ಇದರ ಬಗ್ಗೆ. ಸುಳಿವೇ ಇಲ್ಲದಿದ್ದರೆ ಆಡುವವರಿಗೆ ಮೋಸವಾದಂತೆ ಅನಿಸುತ್ತದೆ. ಪೂರ್ತಿ ಇದ್ದರೆ ಅದು ಒಗಟು ಬಿಡಿಸುವ ಕೆಲಸ. ನ್ಯಾಯಾಧೀಶರ ಮುಂದೆ ಅಂಥ ಅನುಕೂಲ ಎಂದೂ ಇರುವುದಿಲ್ಲ. ಕೊನೆಗೆ ಸುಳಿವನ್ನು ಸರ್ಕಾರಿ ವಕೀಲರ ತಕರಾರಿನೊಳಗೆ ಇಟ್ಟೆವು, ಆದರೆ ತಕರಾರು ಎಲ್ಲ ಕಡತದಲ್ಲೂ ಒಂದೇ ಧಾಟಿಯಲ್ಲಿರುತ್ತದೆ: ಆರೋಪಿ ಸಾಕ್ಷಿಗಳನ್ನು ಬೆದರಿಸುವ ಸಂಭವವಿದೆ, ತಲೆಮರೆಸಿಕೊಳ್ಳುವ ಸಂಭವವಿದೆ. ನಿಜವಾಗಿ ಸಂಭವವಿರುವ ಕಡತದಲ್ಲಿ ಮಾತ್ರ ಒಂದು ದಿನಾಂಕವೋ ಒಂದು ಊರೋ ಹೆಚ್ಚಿಗೆ ಇರುತ್ತದೆ. ಗಮನವಿಟ್ಟು ಓದಿದವರಿಗೆ ಅನುಮಾನ ಹುಟ್ಟುತ್ತದೆ, ಖಾತರಿ ಸಿಗುವುದಿಲ್ಲ. ಇದು ಸರಿಯಾದ ಹದ ಎಂದೇ ನನ್ನ ಅಭಿಪ್ರಾಯ.

ಹೆಸರುಗಳನ್ನು ಬಿಟ್ಟೆವು. ನಮ್ಮಲ್ಲಿ ಹೆಸರು ಕೇಳಿದ ಕೂಡಲೇ ಜಾತಿ, ಧರ್ಮ ಊಹಿಸುವುದು ಅಭ್ಯಾಸವಾಗಿಬಿಟ್ಟಿದೆ. ಕಂಪ್ಯೂಟರಿನಿಂದ ಹೆಸರನ್ನೂ ಅಪರಾಧವನ್ನೂ ಬೆರೆಸಿ ಕಡತ ತಯಾರಿಸುವುದು ಸುಲಭವಿತ್ತು; ಆ ಬೆರಕೆ ಏನನ್ನು ಕಲಿಸುತ್ತದೆಂದು ಯೋಚಿಸಿ ಬೇಡವೆಂದೆವು. ಪೊಲೀಸರ ರೂಢಿಯಂತೆ ಎ1, ಎ2. ವಯಸ್ಸು, ಕೆಲಸ, ಊರು, ಒಳಗಿರುವ ದಿನಗಳು. ದಿನಗಳ ಲೆಕ್ಕಕ್ಕೂ ಬಲವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೇ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿಯ ಆರೋಪಗಳಿಗೆ, ಬೇರೆ ಪ್ರಕರಣಗಳೂ ಬಾಕಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ಈ ಲೆಕ್ಕ ಹಾಕಿ ತೋರಿಸುವ ಕೆಲಸವನ್ನು ಆಟ ಮಾಡುವುದಿಲ್ಲ. ಆಡುವವರೇ ಭಾಗಿಸಿ ನೋಡಬೇಕು.

ಆತುರ ಹುಟ್ಟಿಸಲು ಗಡಿಯಾರ ಇಟ್ಟಿದ್ದೆವು, 2013ರ 'ಪೇಪರ್ಸ್, ಪ್ಲೀಸ್' ಆಟದ ಪ್ರಭಾವ. ಲ್ಯೂಕಸ್ ಪೋಪ್ ಮಾಡಿದ ಆ ಆಟದಲ್ಲಿ ಗಡಿ ಠಾಣೆಯ ಅಧಿಕಾರಿ ದಿನ ಮುಗಿಯುವುದರೊಳಗೆ ಆದಷ್ಟು ಜನರ ಕಾಗದ ನೋಡಬೇಕು. ನಮ್ಮಲ್ಲಿ ಅದು ಕೂಡಲಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಗೆಳೆಯರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಓದು ನಿಧಾನ. ಗಡಿಯಾರ ಅವರ ವಿವೇಚನೆಯ ಬದಲು ಓದುವ ವೇಗವನ್ನು ಅಳೆಯತೊಡಗಿತು. ತೆಗೆದುಹಾಕಿ, ಗೋಡೆಗೆ ಆ ದಿನದ ಕೇಸುಗಳ ಪಟ್ಟಿ ತೂಗುಹಾಕಿದೆವು. ಪಟ್ಟಿ ಉದ್ದವಿದ್ದರೆ ಸಾಕು, ಆತುರ ತಾನಾಗಿ ಬರುತ್ತದೆ.

ಕನ್ನಡದಲ್ಲಿ ಆಟ ಮಾಡಬೇಕೆನ್ನುವವರಿಗೆ ತಾಂತ್ರಿಕವಾಗಿ ಒಂದೆರಡು ಮಾತು. ನಾವು ಬಳಸಿದ್ದು ಗೊಡೋ ಎಂಬ ಉಚಿತ ಎಂಜಿನ್. ಅದರ ಹಳೆಯ ಮೂರನೇ ಆವೃತ್ತಿಯಲ್ಲಿ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. 2023ರಲ್ಲಿ ಬಂದ ನಾಲ್ಕನೇ ಆವೃತ್ತಿ ಇದನ್ನು ಸರಿಪಡಿಸಿದೆ. ಬ್ರೌಸರಿನಲ್ಲಿ ಆಡುವ ಆಟವಾದರೆ ಕನ್ನಡ ಫಾಂಟನ್ನು ಆಟದೊಳಗೇ ಸೇರಿಸಿ, ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಬರುತ್ತವೆ. ನೋಟೋ ಸಾನ್ಸ್ ಕನ್ನಡಕ್ಕೆ ಮುಕ್ತ ಪರವಾನಗಿ ಇದೆ. ಇನ್ನು, ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಎಲ್ಲರಿಗೂ ಇಷ್ಟ. ಆದರೆ ಕಂಪ್ಯೂಟರಿಗೆ 'ಸ್ತ್ರೀ' ಎಂಬುದು ಆರು ಸಂಕೇತಗಳ ಸಾಲು. ಒಂದೊಂದೇ ತೋರಿಸಿದರೆ ಅಕ್ಷರ ಕಣ್ಣೆದುರೇ ರೂಪ ಬದಲಿಸುತ್ತ ಕುಣಿಯುತ್ತದೆ. ಇಡೀ ಸಾಲನ್ನು ಮೊದಲು ಜೋಡಿಸಿ ಆಮೇಲೆ ತೋರಿಸುವ ಆಯ್ಕೆ ಗೊಡೋದಲ್ಲಿದೆ, ಅದನ್ನು ಆರಿಸಿ.

ಕೊನೆಯ ಪರದೆಯಲ್ಲಿ ಅಂಕ ಇಡಲಿಲ್ಲ. ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ಮಾತ್ರ: ಮನೆಯಲ್ಲಿ, ಜೈಲಿನಲ್ಲಿ, ಪತ್ತೆಯಿಲ್ಲ. ಅಂಕ ಬೇಕಿತ್ತೆಂದು ಹಲವರು ಹೇಳಿದರು. ಕೊಡಬಾರದೆಂದೇ ಈಗಲೂ ನಾನು ನಂಬಿದ್ದೇನೆ.

ಕಾನೂನಿನ ಬಗ್ಗೆ ಆಟ ಮಾಡುವ ಆಸೆಯಿರುವವರಲ್ಲಿ ನನ್ನದೊಂದು ಕೋರಿಕೆ. ಕೋಡು ಬರೆಯುವ ಮೊದಲು ನಿಮ್ಮ ಊರಿನ ಕೋರ್ಟಿಗೆ ಒಂದು ಬೆಳಿಗ್ಗೆ ಹೋಗಿ. ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ ಕಲಾಪ ಸಾರ್ವಜನಿಕರಿಗೆ ತೆರೆದದ್ದು. ಮೊಬೈಲ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕುಳಿತು, ಜಾಮೀನಿನ ಆದೇಶವಾದ ಮೇಲೆ ಶ್ಯೂರಿಟಿಗಾಗಿ ಯಾರು ಯಾರ ಹತ್ತಿರ ಓಡುತ್ತಾರೆಂದು ನೋಡಿ.