ಜಾತ್ರೆಗೊಂದು ಬಂಡಿ: ಮರದ ಗಾಲಿಯೋ, ಟೈರೋ?

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಹೂವಿನಹಡಗಲಿ, ಹರಪನಹಳ್ಳಿ ಕಡೆ ಬಂಡಿ ವಿಚಾರಣೆ ಶುರು. ಮೈಲಾರದ ಕಾರಣಿಕ, ಅದರ ಬೆನ್ನಿಗೇ ಕೊಟ್ಟೂರಿನ ತೇರು, ಶಿವರಾತ್ರಿ ಹೊತ್ತಿಗೆ ಕುರುವತ್ತಿ ಬಸವಣ್ಣನ ಜಾತ್ರೆ. ತಿಂಗಳೊಳಗೆ ಮೂರೂ ಮುಗಿಯುತ್ತವೆ. ಹೋಗುವುದು ಬಂಡಿಯಲ್ಲಿ, ಅಡುಗೆ ಬಂಡಿ ಪಕ್ಕದಲ್ಲಿ, ಮಲಗುವುದೂ ಬಂಡಿಯಲ್ಲೇ. ಹಾಗಾಗಿ ಬಂಡಿ ಕೊಳ್ಳುವವರು ಅದರಲ್ಲೊಂದು ಮನೆಯನ್ನೂ ನೋಡಬೇಕಾಗುತ್ತದೆ.

ಕಳೆದ ವರ್ಷ ನಮ್ಮ ಮುಂದೆ ಎರಡು ಬಂಡಿ ಇದ್ದವು. ಹರಪನಹಳ್ಳಿ ಸಮೀಪ ಒಂದು ಹಳೆಯ ಸವಾರಿ ಬಂಡಿ: ತೇಗದ ಗಾಲಿ, ಕಬ್ಬಿಣದ ಪಟ್ಟಿ, ಮೇಲೆ ಚಾಪೆಯ ಕಮಾನು, ಮೂಕಿಗೆ ಹಿತ್ತಾಳೆ ಕೆಲಸ. ಕೇಳಿದ್ದು 85 ಸಾವಿರ. ಕೂಡ್ಲಿಗಿಯಲ್ಲಿ ವೆಲ್ಡಿಂಗ್ ಶೆಡ್ಡಿನವರು ಮಾಡಿಟ್ಟಿದ್ದ ಕಬ್ಬಿಣದ ಟೈರ್ ಬಂಡಿ 60 ಸಾವಿರ. ಮನೆಯಲ್ಲಿ ಹಿರಿಯರೆಲ್ಲ ಸವಾರಿ ಬಂಡಿಯ ಕಡೆ. ತಮ್ಮನ ಮಗನಿಗೆ ಎರಡೂ ಬೇಡ, ಓಟದ ಗಾಡಿ ಬೇಕು.

ಹಳೆಯ ಬಂಡಿ ನೋಡಲು ಜೊತೆಗೆ ಬಂದಿದ್ದ ಬಡಿಗೇರ ಅಜ್ಜ ಹಿತ್ತಾಳೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಗಾಲಿಯನ್ನು ಹಿಡಿದು ಅತ್ತಿತ್ತ ಅಲುಗಾಡಿಸಿದ, ಅಚ್ಚಿನ ಹತ್ತಿರ ಎಷ್ಟು ಸಡಿಲವಿದೆಯೆಂದು ಬೆರಳಿಟ್ಟು ನೋಡಿದ, ಒಂದೊಂದು ಅರೆಕಾಲನ್ನೂ ಕಲ್ಲಿನಿಂದ ತಟ್ಟಿ ಕಿವಿಗೊಟ್ಟ. ಆಮೇಲೆ ನಮ್ಮನ್ನೆಲ್ಲ ಬಂಡಿ ಹತ್ತಿಸಿ ನನ್ನನ್ನು ಕರೆದ. "ಎತ್ತಿನ ಹೆಗಲಿಗೆ ಹೂಡೋಕಿಂತ ಮುಂಚೆ ನೊಗ ನಿನ್ನ ಹೆಗಲ ಮ್ಯಾಲೆ ಇಟ್ಕಂಡು ನೋಡಪ್ಪ" ಅಂದ. ಇಟ್ಟುಕೊಂಡೆ. ಎಲ್ಲರೂ ಮುಂದೆ ಕೂತರೆ ಭಾರ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಸರಿದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳಪಟ್ಟಿ ಗಂಟಲಿಗೆ ಒತ್ತುವ ಹಾಗಿರುತ್ತದೆ. ಬಂಡಿಯ ಬೆಲೆಯಲ್ಲಿ ನಾನು ಮೊದಲು ನೋಡುವುದು ಈ ತೂಕವನ್ನೇ. ಹೆಗಲಿಗೆ ಹುಣ್ಣಾದ ಎತ್ತು ಬಿತ್ತನೆ ಹೊತ್ತಿಗೆ ನಿಂತುಬಿಟ್ಟರೆ ಬಾಡಿಗೆ ಟ್ರ್ಯಾಕ್ಟರಿಗೆ ಹೋಗುವ ದುಡ್ಡು ಬಂಡಿಯಲ್ಲಿ ಉಳಿಸಿದ್ದನ್ನು ತಿಂದುಹಾಕುತ್ತದೆ.

ವಾಸಕ್ಕೆ ಸವಾರಿ ಬಂಡಿಯೇ ಮೇಲು. ಗಾಲಿ ಎತ್ತರವಾದ್ದರಿಂದ ಕೆಳಗೆ ನೆರಳು ಸಿಗುತ್ತದೆ. ಮಧ್ಯಾಹ್ನ ಇಬ್ಬರು ಅಲ್ಲೇ ಮಲಗಬಹುದು, ಅಚ್ಚಿಗೆ ಜೋಲಿ ಕಟ್ಟಿ ಮೇವಿಡಬಹುದು. ಟೈರ್ ಬಂಡಿ ತಗ್ಗು, ಕೆಳಗೆ ಮೈಚಾಚಲಾಗದು. ಆದರೆ ಮೊಣಕಾಲು ನೋವಿನ ನಮ್ಮವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದದ್ದು ಟೈರ್ ಬಂಡಿಯನ್ನೇ. ಅಗಲವಾದ ಹಲಗೆ, ರೊಟ್ಟಿ ಗಂಟು, ನೀರಿನ ಕೊಡ, ಸೊಪ್ಪೆ ಎಲ್ಲಕ್ಕೂ ಜಾಗ.

ಪ್ರಯಾಣಕ್ಕೆ ಬಂದರೆ ನೆಲ ನೋಡಬೇಕು. ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಸಣ್ಣ ಪಟ್ಟಿಯ ಗಾಲಿ ಹೂತುಕೊಳ್ಳುತ್ತದೆ, ಟೈರು ತೇಲಿಕೊಂಡು ಬರುತ್ತದೆ. ಕೂಡ್ಲಿಗಿ ಕಡೆಯ ಮಸಾರಿಯಲ್ಲಿ ಜಾಲಿ ಮುಳ್ಳು ಟೈರಿಗೆ ಶತ್ರು. ಆದರೂ ಪಂಕ್ಚರ್ ಅಂಗಡಿ ಹಗರಿಬೊಮ್ಮನಹಳ್ಳಿಯಲ್ಲೂ ಇದೆ, ಕೊಟ್ಟೂರಲ್ಲೂ ಇದೆ. ಪಟ್ಟಿ ಕಾಯಿಸಿ ಗಾಲಿಗೆ ಕೂಡಿಸುವ ಕಮ್ಮಾರರನ್ನು ಹುಡುಕಿಕೊಂಡು ಹೋಗಬೇಕು. ಸರ್ಕಾರದ 1965ರ ನಿಯಮಗಳೂ ಒಂದೇ ಜೋಡಿ ಎತ್ತಿಗೆ ಕಬ್ಬಿಣದ ಪಟ್ಟಿಯ ಗಾಡಿಗಿಂತ ಟೈರ್ ಗಾಡಿಯಲ್ಲಿ ಒಂದೂವರೆ ಪಟ್ಟು ಹೊರೆಗೆ ಒಪ್ಪುತ್ತವೆ. ಬೆಂಗಳೂರು ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೇ ವರ್ಷಾನುಗಟ್ಟಲೆ ದುಡಿದರು. ಎತ್ತಿನ ಹೆಗಲ ನೋವು ಅಂಥವರ ಲೆಕ್ಕಕ್ಕೆ ಬಂದಿತ್ತೆಂಬುದೇ ನನಗೆ ದೊಡ್ಡ ಸಮಾಧಾನ. ಬಿಸಿಲು 37 ಡಿಗ್ರಿ ದಾಟಿದ ದಿನ 12ರಿಂದ 3 ಗಂಟೆವರೆಗೆ ಎತ್ತನ್ನು ಹೂಡಬಾರದೆಂಬ ನಿಯಮವೂ ಇದೆ. ಜಾತ್ರೆಯ ದಾರಿಯಲ್ಲಿ ಇದನ್ನು ಮರೆಯಬೇಡಿ.

ಓಟದ ಮಾತು. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಓಟಗಳನ್ನು ನಿಲ್ಲಿಸಿತ್ತು. 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಡಿಸಲು ಅಡ್ಡಿಯಿಲ್ಲ. ಆದರೆ ಖಾಲಿ ಗಾಡಾ ಓಟಕ್ಕೆ ಹಗುರವಾದ ಬೇರೆ ಗಾಡಿಯೇ ಬೇಕು, ಓಡುವ ಜೋಡಿಯನ್ನು ನೇಗಿಲಿಗೆ ಕಟ್ಟುವವರು ಕಡಿಮೆ. ಅಂದರೆ ಎರಡನೇ ಜೋಡಿ, ಎರಡನೇ ಕೊಟ್ಟಿಗೆ, ವರ್ಷವಿಡೀ ಹತ್ತಿಕಾಳು, ಹಿಂಡಿ. ಬಹುಮಾನ ನಂಬಿ ಸಾಲ ಮಾಡಬೇಡ ಎಂದು ಹುಡುಗನಿಗೆ ಖಡಾಖಂಡಿತ ಹೇಳಿದೆ. ಅವನು ಎರಡಲ್ಲಿನ ಹೋರಿಗಳನ್ನು ತಂದು ಪಳಗಿಸಲಿ, ನಾಲ್ಕಲ್ಲು, ಆರಲ್ಲಿಗೆ ಬೆಲೆ ಏರುತ್ತದೆ, ಬಾಯಿಗೂಡಿದ ಮೇಲೆ ಇಳಿಯುತ್ತದೆ. ಆ ನಡುವೆ ಕುರುವತ್ತಿ ದನದ ಜಾತ್ರೆಯಲ್ಲಿ ಮಾರಿದರೆ ಕೈಗೆ ದುಡ್ಡು. ಬಂಡಿ ಮಾತ್ರ ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತಾ ಹೋಗುತ್ತದೆ.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎಲ್ಲರನ್ನೂ ಹತ್ತಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಟ್ರೇಲರ್ ಇರುವುದು ಹೊಲದ ಸಾಮಾನಿಗೆ. ಜನ ಕೂತು ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕಟ್ಟಲು ಒಪ್ಪುವುದಿಲ್ಲ, ಹೊರೆ ಮಾಲೀಕನ ತಲೆಗೇ ಬೀಳುತ್ತದೆ. ಜಾತ್ರೆಗೆ ಹೋಗಿ ಹೊಲ ಮಾರುವ ಸ್ಥಿತಿ ಯಾರಿಗೂ ಬೇಡ.

ನಾವು ಟೈರ್ ಬಂಡಿ ತಂದೆವು. ಜಾತ್ರೆ ಮುಗಿದ ಮೇಲೂ ಅದು ಗೊಬ್ಬರ, ಮೆಕ್ಕೆಜೋಳ, ಸೊಪ್ಪೆ ಹೇರುತ್ತದೆ. ಸವಾರಿ ಬಂಡಿ ಮುಂದಿನ ಹುಣ್ಣಿಮೆವರೆಗೂ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿಯದಂತೆ ಕಾಯಿಸಿಕೊಳ್ಳುತ್ತದೆ. ಉಳಿದ 25 ಸಾವಿರದಲ್ಲಿ ಬಿಚ್ಚಿಡಬಹುದಾದ ಕಮಾನು ಮಾಡಿಸಿ, ಹೊಸ ಚಾಪೆ ಹೊದಿಸಿದೆವು. ಮಿಕ್ಕಿದ್ದು ಎತ್ತಿನ ವಿಮೆಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಜಾನುವಾರು ವಿಮೆಯಲ್ಲಿ ರೈತರ ಪಾಲನ್ನು ಪ್ರೀಮಿಯಂನ ಶೇ 15ಕ್ಕೆ ಇಳಿಸಿದೆ, ಉಳಿದದ್ದು ಕೇಂದ್ರ, ರಾಜ್ಯಗಳದ್ದು. ಜಾತ್ರೆಗೆ ಹೊರಡುವ ಮೊದಲೇ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಕಿವಿಗೆ ಓಲೆ ಹಾಕಿಸಿ. ದಾರಿಯಲ್ಲಿ ಓಲೆ ಕಿತ್ತು ಬಿದ್ದರೆ ಬಂದ ಕೂಡಲೇ ತಿಳಿಸಿ ಬೇರೆಯದು ಹಾಕಿಸಿಕೊಳ್ಳಿ.